ಮರಸೇಬಿನ ಕೇಕು ಮತ್ತು ಹನ್ನೊಂದು ಲೋಟಗಳು

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಚಪ್ಪಲಿ ಸವೆಸಿದ ಮನುಷ್ಯನಿಗೆ ಒಂದು ಕೇಕು ಮಾಡುವುದು ಎಷ್ಟರ ಕೆಲಸ? ಹಿಟ್ಟು ಅಳೆಯಬೇಕು, ಸಕ್ಕರೆ ತೂಗಬೇಕು, ಗಡಿಯಾರ ನೋಡಬೇಕು. ಮೂರೂ ಇಲಾಖೆಯ ಕೆಲಸಗಳೇ. ಬೀದಿಯವರೆಲ್ಲ ತಕ್ಕಡಿ ಸಾಹೇಬರೆಂದು ಕರೆಯುತ್ತಿದ್ದ ಆ ಸಾಧು ಇನ್‌ಸ್ಪೆಕ್ಟರು ಹೀಗೆ ಯೋಚಿಸಿಯೇ ಅಡಿಗೆಮನೆಗೆ ಕಾಲಿಟ್ಟರು. ಅವರು ಕಾಲಿಟ್ಟ ಮೇಲೆ ಬೀದಿಯ ಅಂಗಡಿಗಳಿಗೆಲ್ಲ ನಡುಕ ಹತ್ತಿದ್ದು ನಿಜ. ಆದರೆ ಅದರಲ್ಲಿ ಅವರ ತಪ್ಪು ಎಷ್ಟು, ಬೀದಿಯ ತಪ್ಪು ಎಷ್ಟು ಎಂದು ಅಳೆಯುವ ಲೋಟ ಇನ್ನೂ ತಯಾರಾಗಿಲ್ಲ.

ಸಾಹೇಬರ ಹೆಂಡತಿ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಇಪ್ಪತ್ತು ದಿನಗಳಿಂದ ಗಂಜಿಯ ತಿಳಿ ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿದಿರಲಿಲ್ಲ. ಅಕ್ಕನನ್ನು ನೋಡಿಕೊಳ್ಳಲೆಂದು ಬಂದ ನಾದಿನಿ ಬಟ್ಟಲು ಹಿಡಿದು ಗದರುವಳು, ಗೋಗರೆಯುವಳು, ಕೊನೆಗೆ ಬಾಗಿಲ ಹಿಂದೆ ಹೋಗಿ ಅತ್ತು ಮುಖ ತೊಳೆದುಕೊಂಡು ಬರುವಳು. ಸೋಮವಾರ ಡಾಕ್ಟರು ಬಂದು ನಾಡಿ ಹಿಡಿದು ನೋಡಿದರು. ಹೊರಗೆ ಬಂದು ಕೈ ತೊಳೆದುಕೊಂಡರು. ಟವೆಲಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ಒರೆಸಿಕೊಂಡು ಹೇಳಿದರು:

"ಇನ್ನು ಪಥ್ಯ ಗಿಥ್ಯ ಏನೂ ಬೇಡ. ಏನು ಕೇಳ್ತಾರೋ ಅದನ್ನ ಕೊಡಿ."

ಸಾಹೇಬರಿಗೆ ಆಕಾಶ ಮೂರೇ ಗೇಣು. ಡಾಕ್ಟರ ಬೆನ್ನು ಮರೆಯಾದದ್ದೇ ತಡ, ಕಾಂಪೌಂಡಿನ ಬಳಿ ಓಡಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಕೂಗಿದರು. "ಮೇಷ್ಟ್ರೇ, ಪಥ್ಯ ಬಿಡಿಸಿಬಿಟ್ರು ಡಾಕ್ಟ್ರು! ಏನು ಬೇಕಾದ್ರೂ ತಿನ್ನಬಹುದಂತೆ!"

ಗಿಡಗಳಿಗೆ ನೀರು ಹಾಕುತ್ತಿದ್ದ ಮೇಷ್ಟ್ರು ಕೊಡ ಕೆಳಗಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಹೌದಾ... ಒಳ್ಳೇದು," ಎಂದವರೇ ಅರ್ಧ ಗಿಡಗಳನ್ನು ಒಣಗಲು ಬಿಟ್ಟು ಒಳಗೆ ಹೋದರು. ಮೇಷ್ಟ್ರಿಗೆ ವಯಸ್ಸಾಯಿತು, ಪಾಪ, ಮರೆವು ಹೆಚ್ಚಾಗಿದೆ ಎಂದು ಸಾಹೇಬರು ಮರುಗಿದರು.

ಏನು ಬೇಕೆಂದು ಕೇಳಿದ್ದಕ್ಕೆ ಹೆಂಡತಿ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, "ಮರಸೇಬಿನ ಕೇಕು," ಎಂದಳು.

ಕೆಲವರು ಪೇರ್ ಹಣ್ಣು ಎನ್ನುವ, ಕೆಳಗೆ ಗುಂಡಗೆ ಮೇಲೆ ಸಪುರವಾಗಿರುವ ಮರಸೇಬಿನ ಕಾಲ ಅದು. ಪ್ರತಿವರ್ಷ ಈ ಹೊತ್ತಿಗೆ ಅವಳು ಹಣ್ಣನ್ನು ತೆಳ್ಳಗೆ ಹೆಚ್ಚಿ, ಬೆಣ್ಣೆ ಸವರಿದ ತಟ್ಟೆಯಲ್ಲಿ ಸುತ್ತಲೂ ಜೋಡಿಸಿ, ಮೇಲೆ ಹಿಟ್ಟು ಸುರಿದು ಬೇಯಿಸುತ್ತಿದ್ದಳು. ಓವನ್ನಿನಿಂದ ತೆಗೆದು ಮಗುಚಿದರೆ ಹಣ್ಣಿನ ಹೋಳುಗಳು ಕಂದು ಬಣ್ಣಕ್ಕೆ ತಿರುಗಿ ಮೇಲೆ ಬರುತ್ತಿದ್ದವು. ಸಾಹೇಬರು ಪೇಪರು ಓದುತ್ತ ಎರಡು ತುಂಡು ತಿಂದು, "ಹೂಂ," ಎನ್ನುತ್ತಿದ್ದರು. ಇಪ್ಪತ್ತೈದು ವರ್ಷಗಳ ದಾಂಪತ್ಯದಲ್ಲಿ ಆ ಕೇಕಿಗೆ ಸಿಕ್ಕಿದ ಬಿರುದು ಅದೊಂದೇ.

"ನಾನೇ ಮಾಡ್ತೀನಿ," ಎಂದರು ಸಾಹೇಬರು.

ನಾದಿನಿ ಎಷ್ಟೋ ದಿನಗಳ ಮೇಲೆ ನಕ್ಕಳು. "ಭಾವ, ಉಪ್ಪಿನ ಡಬ್ಬ ಎಲ್ಲಿದೆ ಗೊತ್ತಾ ನಿಮಗೆ?"

"ಕೇಕಿಗೆ ಉಪ್ಪು ಯಾಕೆ?"

"ನೋಡಿ, ಅದೂ ಗೊತ್ತಿಲ್ಲ."

ಸಾಹೇಬರು ಆಫೀಸಿನ ನೋಟ್‌ಬುಕ್ಕು ತಂದು ಮಂಚದ ಪಕ್ಕ ಕುಳಿತರು. ಹೆಂಡತಿ ಒಂದೊಂದೇ ಮಾತು ಹೇಳಿ, ನಡುವೆ ಸುಧಾರಿಸಿಕೊಂಡು ಬರೆಸಿದಳು. "ಎರಡು ಲೋಟ ಹಿಟ್ಟು. ಒಂದು ಲೋಟ ಸಕ್ಕರೆ. ಅರ್ಧ ಲೋಟ ಬೆಣ್ಣೆ. ಮೂರು ಮೊಟ್ಟೆ. ಹಣ್ಣು ತೊಟ್ಟಿನ ಹತ್ರ ಒತ್ತಿದ್ರೆ ಮೆತ್ತಗಿರಬೇಕು, ಹೊಟ್ಟೆ ಗಟ್ಟಿಯಿರಬೇಕು. ಹೊಟ್ಟೇನೂ ಮೆತ್ತಗಾಗ್ಲಿ ಅಂತ ಕಾದ್ರೆ ಒಳಗಿಂದ ಕೊಳೆತಿರತ್ತೆ."

"ಯಾವ ಲೋಟ?" ಸಾಹೇಬರದು ವೃತ್ತಿಗೆ ತಕ್ಕ ಪ್ರಶ್ನೆ.

ಹೆಂಡತಿ ಅವರ ಮುಖವನ್ನೇ ನೋಡಿದಳು. "ನಮ್ಮ ಲೋಟ. ತಳ ಒಳಗೆ ಹೋಗಿರೋದು."

ಸಾಹೇಬರ ಪೆನ್ನು ಅಲ್ಲಿಗೇ ನಿಂತಿತು.

ಆ ಲೋಟದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಸಾಹೇಬರು ಯಾವ ಅಂಗಡಿಗೂ ಹೇಳದೆ ಕೇಳದೆ ನುಗ್ಗಿದವರಲ್ಲ. ತಪಾಸಣೆಗೆ ಏಳು ದಿನ ಮುಂಚೆ ಲಿಖಿತ ನೋಟೀಸು ಕಳಿಸಿ, ಎಂಟನೆಯ ದಿನ ಹೋಗಿ, ಫಳಫಳ ಹೊಳೆಯುವ ತೂಕದ ಬೊಟ್ಟುಗಳನ್ನೂ ಅಳತೆಗಳನ್ನೂ ನೋಡಿ, ನಮ್ಮ ಬೀದಿಯಷ್ಟು ಪ್ರಾಮಾಣಿಕ ಬೀದಿ ಇನ್ನೊಂದಿಲ್ಲ ಎಂದು ಬರೆದು ಬರುತ್ತಿದ್ದರು. ಹೀಗಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಹಿಡಿದ ಮೋಸದ ಅಳತೆಗಳ ಸಂಖ್ಯೆ ಸೊನ್ನೆ. ಆರು ತಿಂಗಳ ಹಿಂದೆ ಇಲಾಖೆ 'ನಿಖರ ಅಳತೆ ಸಪ್ತಾಹ' ನಡೆಸಿತು. ಪ್ರತಿಯೊಬ್ಬ ಇನ್‌ಸ್ಪೆಕ್ಟರೂ ತಾನು ವಶಪಡಿಸಿಕೊಂಡ ಮೋಸದ ಅಳತೆಗಳನ್ನು ತಂದು ಸಾರ್ವಜನಿಕರ ಎದುರು ಸುತ್ತಿಗೆಯಿಂದ ಚಪ್ಪಟೆ ಮಾಡಬೇಕಿತ್ತು. ಸಹೋದ್ಯೋಗಿಗಳು ಚೀಲಗಟ್ಟಲೆ ತರುತ್ತಿರುವಾಗ ಬರಿಗೈಯಲ್ಲಿ ಹೋಗುವುದು ಹೇಗೆ? ಸಾಹೇಬರು ಬೆಳಿಗ್ಗೆ ಅಡಿಗೆಮನೆಯ ಶೆಲ್ಫಿನಿಂದ ತಳ ಒಳಗೆ ಹೋಗಿದ್ದ ಹಳೆಯ ಲೋಟ ತೆಗೆದು ಜೇಬಿಗಿಳಿಸಿದರು. ಮದುವೆಯ ಹೊಸತರಲ್ಲಿ ಅದನ್ನು ಕೆಳಗೆ ಬೀಳಿಸಿ ಆ ಸ್ಥಿತಿಗೆ ತಂದವರೂ ಅವರೇ. ಮರುದಿನ ಪೇಪರಿನಲ್ಲಿ ಸುತ್ತಿಗೆ ಎತ್ತಿದ ಸಾಹೇಬರ ಫೋಟೋ ಬಂತು. ಕೆಳಗೆ, 'ವ್ಯಾಪಾರಿಯೊಬ್ಬರಿಂದ ವಶಪಡಿಸಿಕೊಂಡ ಮೋಸದ ಲೋಟ' ಎಂದಿತ್ತು. ಆ ಪುಟವನ್ನು ಅವರು ಮನೆಗೆ ತರಲಿಲ್ಲ. ಲೋಟ ಏನಾಯಿತೆಂದು ಹೆಂಡತಿಯೂ ಕೇಳಲಿಲ್ಲ.

ಈಗ ಉಸಿರಿಗೂ ಕಷ್ಟಪಡುತ್ತಿರುವ ಹೆಂಗಸಿನ ಮುಂದೆ, 'ನಿನ್ನ ಲೋಟವನ್ನು ಕಳ್ಳ ಲೋಟವೆಂದು ಊರೆದುರು ಜಜ್ಜಿದೆ' ಎಂದು ಹೇಳುವ ಧೈರ್ಯ ಅವರಿಗಾಗಲಿಲ್ಲ. "ಇದೆ ಇದೆ, ಮೇಲಿಟ್ಟಿದೀನಿ," ಎಂದು ಎದ್ದರು.

ಮಂಗಳವಾರ ಬೆಳಿಗ್ಗೆ ಇಲಾಖೆಯ ಮುದ್ರೆಯಿದ್ದ ತಾಮ್ರದ ಅಳತೆಯಿಂದಲೇ ಮೊದಲ ಕೇಕು ತಯಾರಾಯಿತು. ಅಳತೆಯಲ್ಲಿ ಒಂದು ಹನಿ ಹೆಚ್ಚುಕಡಿಮೆ ಇರಲಿಲ್ಲ. ಕೇಕು ಮಾತ್ರ ಒಲೆಯ ಇಟ್ಟಿಗೆಯಂತೆ ಹೊರಬಂತು. ಹಣ್ಣನ್ನು ತೊಟ್ಟಿನ ಹತ್ತಿರ ಒತ್ತಿ ನೋಡುವುದನ್ನು ಮರೆತಿದ್ದರಿಂದ ಹೋಳುಗಳು ಹಸಿ ಆಲೂಗಡ್ಡೆಯಂತೆ ಕಟಕಟ ಎನ್ನುತ್ತಿದ್ದವು. ಹೆಂಡತಿ ಒಂದು ಚೂರನ್ನು ತುಟಿಗೆ ಮುಟ್ಟಿಸಿಕೊಂಡು ತಲೆಯಾಡಿಸಿದಳು. "ಇದು ನಮ್ಮದಲ್ಲ."

"ಲೋಟದ್ದೇ ದೋಷ," ಎಂದು ಸಾಹೇಬರು ತೀರ್ಮಾನಿಸಿದರು. ಅದೇ ಗಾತ್ರದ, ಅಷ್ಟೇ ತಳ ಒಳಗೆ ಹೋದ ಇನ್ನೊಂದು ಲೋಟ ಹುಡುಕಲೇಬೇಕು. ರಜೆ ಚೀಟಿ ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಪಾತ್ರೆ ಅಂಗಡಿಗೆ ಹೋದರು.

"ಬನ್ನಿ ಸಾರ್, ಏನು ತೋರಿಸ್ಲಿ?"

"ಲೋಟ. ಸ್ಟೀಲಿಂದು. ತಳ ಒಳಗೆ ಹೋಗಿರಬೇಕು."

ಪಾತ್ರೆ ಅಂಗಡಿಯವನ ಕೈಯಲ್ಲಿದ್ದ ಬೋಗುಣಿ ಠಣ್ಣೆಂದು ಕೆಳಗೆ ಬಿದ್ದು ಮೂರು ಸುತ್ತು ತಿರುಗಿತು. ಅವನ ಸ್ಥಿತಿಯನ್ನೂ ಓದುಗರು ಅರ್ಥ ಮಾಡಿಕೊಳ್ಳಬೇಕು. ತಳವನ್ನು ಒಳಕ್ಕೆ ಬಡಿದ ಲೋಟದಲ್ಲಿ ಅಳೆದು ಕೊಟ್ಟರೆ ಗಿರಾಕಿಗೆ ಪ್ರತಿಸಲವೂ ಎರಡು ಚಮಚ ಕಡಿಮೆ ಬೀಳುತ್ತದೆ. ವ್ಯಾಪಾರದಲ್ಲಿ ಇದಕ್ಕಿಂತ ಹಳೆಯ ಮೋಸವಿಲ್ಲ, ಬೀದಿಗೆಲ್ಲ ಅಂಥ ಲೋಟ ಬಡಿದು ಕೊಡುತ್ತಿದ್ದವನೂ ಇವನೇ. ಅಂಥದ್ದರಲ್ಲಿ ಇಪ್ಪತ್ತೆರಡು ವರ್ಷ ಹೇಳಿಕಳಿಸಿ ಬರುತ್ತಿದ್ದ ಇನ್‌ಸ್ಪೆಕ್ಟರು ನೋಟೀಸಿಲ್ಲದೆ ಬಂದು, ಕಣ್ಣು ಕೆಂಪಗೆ ಮಾಡಿಕೊಂಡು, ಅದೇ ಲೋಟವನ್ನು ಹೆಸರಿಟ್ಟು ಕೇಳುತ್ತಿದ್ದಾರೆ!

"ನನ್ನ ಮಕ್ಕಳಾಣೆ ಸಾರ್, ಅಂಥದ್ದು ನಮ್ಮಲ್ಲಿ ಇಲ್ವೇ ಇಲ್ಲ!"

"ಬೇರೆ ಯಾರ ಹತ್ರ ಸಿಗಬಹುದು?"

ಅಂಗಡಿಯವನು ಬೆವರೊರೆಸಿಕೊಂಡು ಆಚೀಚೆ ನೋಡಿದ. "ಎಣ್ಣೆ ಅಂಗಡೀಲಿ ಕೇಳಿ ನೋಡಿ ಸಾರ್. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಎಣ್ಣೆ ಅಂಗಡಿಯವನು ಇವರನ್ನು ನೋಡಿದ ಕೂಡಲೇ ಅಳತೆಗಳ ಮೇಲೆ ಟವೆಲು ಹೊದಿಸಿ ತಾನೂ ಅದರ ಮುಂದೆ ಅಡ್ಡ ನಿಂತ.

"ನಿಮ್ಮತ್ರ ತಳ ಒಳಗೆ ಹೋಗಿರೋ ಲೋಟ ಇದೆಯಂತೆ," ಎಂದರು ಸಾಹೇಬರು.

"ಯಾರು ಸಾರ್ ಹೇಳಿದ್ದು?"

"ಹೇಳಬಾರದು ಅಂದಿದ್ದಾರೆ."

"ಸಾರ್, ನಾನು ಮಕ್ಕಳೊಂದಿಗ..."

"ಹೆದರಬೇಡ್ರೀ. ನನಗೆ ತುರ್ತಾಗಿ ಬೇಕು. ಎಷ್ಟು ಹಳೇದಾದ್ರೂ ಪರವಾಗಿಲ್ಲ. ಸಿಕ್ಕಿದ್ರೆ ಮನೆಗೇ ತಂದುಕೊಟ್ಟುಬಿಡಿ. ಆಫೀಸಿಗೆ ಬೇಡ."

ಆಫೀಸಿಗೆ ಬೇಡ! ಈ ಮಾತು ಕಿವಿಗೆ ಬಿದ್ದದ್ದೇ ಎಣ್ಣೆ ಅಂಗಡಿಯವನ ಮುಖಕ್ಕೆ ರಕ್ತ ಮರಳಿತು. ಅವನು ಮುಂದಕ್ಕೆ ಬಾಗಿ, ದನಿ ತಗ್ಗಿಸಿ, ಅನುಭವಸ್ಥನ ಹಾಗೆ ಕೇಳಿದ. "ಅದರ ಜೊತೆಗೆ ಇನ್ನೇನಾದ್ರೂ ತರಬೇಕಾ ಸಾರ್?"

ಸಾಹೇಬರಿಗೆ ಮನೆಯ ನೆನಪಾಗಿ ನಿಟ್ಟುಸಿರು ಬಂತು. "ಇನ್ನೇನು ತರ್ತೀರಿ? ಒಳ್ಳೇ ಮರಸೇಬು ಸಿಕ್ಕಿದ್ರೆ ಸಾಕು. ಮನೇಲಿ ಅದಕ್ಕೇ ಕಾಯ್ತಿದಾರೆ."

ಅವರು ಮುಂದಿನ ಅಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಅಲ್ಲಿತ್ತು. ಬೇಳೆ ಅಂಗಡಿ ಅರ್ಧ ಬಾಗಿಲು ಹಾಕಿತು. ಉಪ್ಪಿನಕಾಯಿ ಮಾರುವವಳು ಅಳತೆಯ ಲೋಟವನ್ನು ಉಪ್ಪಿನಕಾಯಿಯೊಳಗೇ ಮುಳುಗಿಸಿದಳು. ಸಾಯಂಕಾಲ ನಾಲ್ಕಕ್ಕೆಲ್ಲ ಹಣ್ಣಿನ ಗಾಡಿಯವಳ ಬಳಿ ಒಂದೇ ಒಂದು ಮರಸೇಬು ಉಳಿದಿರಲಿಲ್ಲ. ಏನಾಗಿದೆ ಈ ಬೀದಿಗೆ ಎಂದು ಅವಳು ಸೇಬಿನ ರಾಶಿಯ ಹಿಂದೆ ಪಿಳಿಪಿಳಿ ಕಣ್ಣು ಬಿಡುತ್ತ ಕುಳಿತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಸಾಹೇಬರ ಮನೆಗೆ ಬುಟ್ಟಿಗಳ ಮೆರವಣಿಗೆ ಹೊರಟಿತು. ಬಂದವರೆಲ್ಲ ಬಾಗಿಲಲ್ಲೇ ಬುಟ್ಟಿಯಿಟ್ಟು, ಕೈ ಮುಗಿದು, ಹಿಂದಕ್ಕೆ ಹಿಂದಕ್ಕೇ ನಡೆದು ಮಾಯವಾದರು. ಸಾಹೇಬರ ಕಣ್ಣು ತುಂಬಿ ಬಂತು. ಒಬ್ಬೊಬ್ಬರ ಕೈಯನ್ನೂ ಹಿಡಿದು, "ನಿಮ್ಮ ಉಪಕಾರ ಮರೆಯೋಲ್ಲ," ಎಂದರು. ಇಷ್ಟು ಚೆನ್ನಾಗಿ ನಟಿಸುವ ಅಧಿಕಾರಿಯನ್ನು ತಾನು ಜನ್ಮದಲ್ಲಿ ಕಂಡಿಲ್ಲ ಎಂದು ಎಣ್ಣೆ ಅಂಗಡಿಯವನು ಆಮೇಲೆ ಹೇಳಿಕೊಂಡು ತಿರುಗಿದ.

"ನೋಡಿದ್ಯಾ ಎಂಥ ಜನ!" ಸಾಹೇಬರು ಮೂಗೊರೆಸಿಕೊಂಡರು. "ಇವಳಿಗೆ ಹುಷಾರಿಲ್ಲ ಅಂತ ಹೇಗೋ ಗೊತ್ತಾಗಿಬಿಟ್ಟಿದೆ."

ನಾದಿನಿ ಸೊಂಟದ ಮೇಲೆ ಕೈಯಿಟ್ಟು ಬುಟ್ಟಿಗಳನ್ನು ನೋಡಿದಳು. "ಭಾವ, ರೋಗಿಗೆ ಹಣ್ಣು ತರೋರು ರೋಗಿ ಹೇಗಿದ್ದಾರೆ ಅಂತ ಒಂದು ಮಾತೂ ಕೇಳಲ್ವಾ?"

"ಸಂಕೋಚ ಕಣಮ್ಮ."

ಬುಟ್ಟಿ ಬರಿದು ಮಾಡಿದಾಗ ಪ್ರತಿಯೊಂದರ ತಳದಲ್ಲೂ ಪೇಪರಿನಲ್ಲಿ ಸುತ್ತಿದ ಒಂದು ಲೋಟ ಸಿಕ್ಕಿತು. ಒಟ್ಟು ಹನ್ನೊಂದು. ಎಲ್ಲದರ ತಳವೂ ಒಳಗೆ. ಒಂದಕ್ಕೆ ಉಪ್ಪಿನಕಾಯಿಯ ವಾಸನೆ ಬೇರೆ. ಇಪ್ಪತ್ತೆರಡು ವರ್ಷ ಹಿಡಿಯಲಾಗದ ಕಳ್ಳ ಅಳತೆಗಳೆಲ್ಲ ಒಂದೇ ಸಂಜೆ ತಾವಾಗಿಯೇ ಶರಣಾಗಿದ್ದವು. ಸಾಹೇಬರ ತಲೆಗೆ ಮಾತ್ರ ಆ ವಿಚಾರ ಹೊಳೆಯಲಿಲ್ಲ. "ನಾನು ಒಂದು ಕೇಳಿದ್ರೆ ಹನ್ನೊಂದು ಕೊಟ್ಟಿದ್ದಾರೆ," ಎಂದು ಇನ್ನೊಮ್ಮೆ ಕಣ್ಣೊರೆಸಿಕೊಂಡರು.

ಬುಧವಾರ, ಗುರುವಾರ ಆ ಮನೆಯಲ್ಲಿ ಓವನ್ನು ಆರಲಿಲ್ಲ. ಒಂದೊಂದು ಲೋಟಕ್ಕೆ ಒಂದೊಂದು ಕೇಕು. ಒಂದು ಉಕ್ಕಿ ಓವನ್ನಿನ ತುಂಬ ಹರಡಿತು. ಒಂದು ನಡುವೆ ಕುಸಿದು ಬೋಗುಣಿಯಾಯಿತು. ಐದನೆಯದು ನೋಡಲು ಚೆನ್ನಾಗಿತ್ತು, ಆದರೆ ಉಪ್ಪಿನಕಾಯಿಯ ಲೋಟ ಅದೇ ಆಗಿತ್ತು. ಪ್ರತಿಸಲವೂ ಸಾಹೇಬರು ತಟ್ಟೆ ಹಿಡಿದು ಕೋಣೆಗೆ ಹೋಗುವರು, ಹೆಂಡತಿ ಚೂರು ಮುಟ್ಟಿಸಿಕೊಂಡು ತಲೆಯಾಡಿಸುವಳು. ಒಂದೊಂದು ಕೇಕಿಗೂ ಅವಳ ತಲೆಯಾಡಿಸುವಿಕೆ ಸಣ್ಣದಾಗುತ್ತ ಬಂತು. ಗುರುವಾರ ಸಂಜೆ ಬರೀ ಕಣ್ಣು ಮುಚ್ಚಿಕೊಂಡಳು.

ತಿರಸ್ಕೃತ ಕೇಕುಗಳೆಲ್ಲ ಕಾಂಪೌಂಡು ದಾಟಿ ಮೇಷ್ಟ್ರ ಮನೆಗೆ ಹೋದವು. ಸಕ್ಕರೆ ಕಾಯಿಲೆಯ ಆ ಮನುಷ್ಯ ಯಾವತ್ತೂ ಬೇಡ ಎನ್ನಲಿಲ್ಲ. ಗೋಡೆಗೆ ಒರಗಿ ನಿಂತು ಇಟ್ಟಿಗೆಯಂಥದ್ದನ್ನೂ ಅಗಿದು ನುಂಗಿ, "ಇದು ನಿನ್ನೇದಕ್ಕಿಂತ ಪರವಾಗಿಲ್ಲ. ಇನ್ನೊಂದು ಮಾಡಿ ನೋಡಿ," ಎನ್ನುತ್ತಿದ್ದರು.

ಹಣ್ಣುಗಳು ಬೇರೆ ಸುಮ್ಮನಿರಲಿಲ್ಲ. ಮಂಗಳವಾರ ಕಲ್ಲಿನಂತಿದ್ದವು, ಶುಕ್ರವಾರ ಬೆಳಿಗ್ಗೆ ಎಲ್ಲ ಒಟ್ಟಿಗೇ ಮಾಗಿಬಿಟ್ಟವು. ಕಿಟಕಿಯ ಕಟ್ಟೆ, ಕುರ್ಚಿ, ಪುಸ್ತಕದ ಬೀರು, ಮಂಚದ ಕೆಳಗೆ, ಎಲ್ಲಿ ನೋಡಿದರೂ ಮರಸೇಬು. ನಾದಿನಿ ಒಂದು ಒಲೆಯಲ್ಲಿ ಹಣ್ಣನ್ನು ಸಕ್ಕರೆ ನೀರಿನಲ್ಲಿ ಬೇಯಿಸುತ್ತ, ಇನ್ನೊಂದರಲ್ಲಿ ಜಾಮ್ ಕಲಕುತ್ತ, "ಅಕ್ಕನಿಗೆ ಒಂದು ಚಮಚ ಇಳೀತಿಲ್ಲ, ಇಲ್ಲಿ ಊರಿಗೆಲ್ಲಾ ಆಗೋಷ್ಟು ಬೇಯ್ತಿದೆ," ಎಂದು ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬೀದಿಯಲ್ಲಿ ಹಾಲಿನಂಗಡಿಯವನೊಬ್ಬ ಮಾತ್ರ ನಿಜವಾದ ಪ್ರಾಮಾಣಿಕ. ಅವನ ಬಳಿ ಒಪ್ಪಿಸಲು ಮೋಸದ ಲೋಟವೇ ಇರಲಿಲ್ಲ. ಎಲ್ಲರೂ ಕೊಟ್ಟು ತಾನೊಬ್ಬ ಕೊಡದಿದ್ದರೆ ತನ್ನ ಗತಿಯೇನೆಂದು ಎರಡು ದಿನ ನಿದ್ದೆಗೆಟ್ಟು, ಕೊನೆಗೆ, 'ಇನ್‌ಸ್ಪೆಕ್ಟರು ಹಣ್ಣಿನ ರೂಪದಲ್ಲಿ ಲಂಚ ತಿನ್ನುತ್ತಿದ್ದಾರೆ' ಎಂದು ಮೇಲಧಿಕಾರಿಗೆ ಅರ್ಜಿ ಬರೆದುಬಿಟ್ಟ. ಮೇಲಧಿಕಾರಿ ಇಬ್ಬರು ಸಾಕ್ಷಿಗಳನ್ನೂ ಒಂದು ಸುತ್ತಿಗೆಯನ್ನೂ ಕಟ್ಟಿಕೊಂಡು ಬಂದಿದ್ದರು. ಸುತ್ತಿಗೆಯಿಲ್ಲದೆ ಅವರು ಎಲ್ಲಿಗೂ ಹೋಗುವವರಲ್ಲ.

"ನಿಮ್ಮ ಮೇಲೆ ದೂರು ಬಂದಿದೆ," ಎನ್ನುತ್ತ ಅವರು ಗಂಭೀರವಾಗಿ ಕುರ್ಚಿಯ ಮೇಲೆ ಕುಳಿತರು. ಪಚಕ್ಕೆಂದು ಸದ್ದಾಯಿತು. ಅಧಿಕಾರಿ ನಿಧಾನವಾಗಿ ಎದ್ದು ಹಿಂದೆ ತಿರುಗಿ ನೋಡಿದರು.

"ಸಾರ್, ಅದು ಸಾಕ್ಷ್ಯ," ಎಂದ ಒಬ್ಬ ಸಾಕ್ಷಿ. "ತಾವು ಅದರ ಮೇಲೆ ಕೂತಿರಿ."

"ಬಾಯ್ಮುಚ್ಚಿ. ಉಳಿದದ್ದಕ್ಕೆ ಸೀಲು ಹಾಕಿ."

ಮಾಗಿದ ಮರಸೇಬಿಗೆ ಅರಗಿನ ಮುದ್ರೆ ಒತ್ತುವುದು ಹೇಗೆಂದು ಇಲಾಖೆಯ ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಒತ್ತಿದಲ್ಲೆಲ್ಲ ಹಣ್ಣು ಒಡೆದು ರಸ ಸೋರಿತು. ಮೂರು ಹಣ್ಣು ಹಾಳಾದ ಮೇಲೆ ಅಧಿಕಾರಿ ಅದನ್ನು ಬಿಡಿಸಿ ಮನೆಯನ್ನೆಲ್ಲ ಶೋಧಿಸಿದರು. ಶೆಲ್ಫಿನ ಮೇಲೆ ಸಾಲಾಗಿ ನಿಂತಿದ್ದ ಹನ್ನೊಂದು ಲೋಟಗಳು ಕಂಡವು. ಒಂದೊಂದನ್ನೇ ಮಗುಚಿ ತಳ ನೋಡಿದರು. ಅವರ ಹುಬ್ಬು ಹಣೆಯ ಮೇಲಕ್ಕೆ ಹೋಯಿತು.

"ಇವನ್ನೆಲ್ಲಾ ನೀವು ಹಿಡಿದಿರಾ?"

"ಇಲ್ಲ ಸಾರ್, ಅವರೇ ತಂದುಕೊಟ್ರು. ನಾನು ಕೇಳ್ದೆ."

"ಯಾಕೆ ಕೇಳಿದ್ರಿ?"

"ಕೇಕು ಮಾಡೋಕೆ ಸಾರ್."

ಅಧಿಕಾರಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ಈ ಸಲ ಮೊದಲು ಕುರ್ಚಿ ನೋಡಿಕೊಂಡರು. ಹಣ್ಣಿನ ಕಡೆಯಿಂದ ನೋಡಿದರೆ ಈ ಮನುಷ್ಯನನ್ನು ಇವತ್ತೇ ಅಮಾನತು ಮಾಡಬೇಕು. ಲೋಟದ ಕಡೆಯಿಂದ ನೋಡಿದರೆ ಇಲಾಖೆಯ ಚರಿತ್ರೆಯಲ್ಲೇ ಇಷ್ಟು ದೊಡ್ಡ ದಾಳಿ ನಡೆದಿಲ್ಲ, ಪದಕ ಕೊಡಿಸಬೇಕು. "ಯಾವುದೇ ಆಗಲಿ," ಎಂದು ಕೊನೆಗೆ ನಿಯಮದ ಮೊರೆ ಹೊಕ್ಕರು, "ಮೋಸದ ಅಳತೆ ಕಂಡ ಸ್ಥಳದಲ್ಲೇ ಚಪ್ಪಟೆಯಾಗಬೇಕು. ಸುತ್ತಿಗೆ ಕೊಡಿ."

"ಸಾರ್, ಇನ್ನು ಎರಡು ಲೋಟ ಬಾಕಿಯಿದೆ ಸಾರ್," ಸಾಹೇಬರು ಅಡ್ಡ ಬಂದರು. "ಅವೆರಡರಲ್ಲಿ ಯಾವುದಾದ್ರೂ ಸರಿಹೋಗಬಹುದು. ಅವಳು ತಿಂದುಬಿಡಲಿ ಸಾರ್, ಆಮೇಲೆ ಬೇಕಾದ್ರೆ ನನ್ನನ್ನೇ ಚಪ್ಪಟೆ ಮಾಡಿ."

ಮೊದಲ ಏಟು ಬಿತ್ತು. ಲೋಟದ ಕಿರುಚಾಟ ಮನೆಯೆಲ್ಲ ತುಂಬಿತು. ಎರಡನೆಯ ಏಟಿಗೆ ಸುತ್ತಿಗೆ ಎತ್ತಿದಾಗ ಒಳಗಿನಿಂದ ತೆಳ್ಳನೆಯ ದನಿ ಕೇಳಿಸಿತು.

"ರೀ... ಇವತ್ತು ಯಾರ ಮನೆ ಲೋಟ?"

ಸುತ್ತಿಗೆ ಮೇಲೆಯೇ ನಿಂತಿತು. ಸಾಹೇಬರು ಕೋಣೆಯ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದುಕೊಂಡು, ಶಾಲೆಯಲ್ಲಿ ತಪ್ಪು ಮಾಡಿದವರಂತೆ ನೆಲ ನೋಡಿದರು. "ನಿನಗೆ ಗೊತ್ತಿತ್ತಾ?"

"ಪೇಪರಲ್ಲಿ ಫೋಟೋ ಬಂದಿತ್ತಲ್ಲ. ಮೇಷ್ಟ್ರು ತಂದು ತೋರಿಸಿದ್ರು, ನಿಮ್ಮ ಯಜಮಾನ್ರು ಎಷ್ಟು ಚೆನ್ನಾಗಿ ಬಂದಿದ್ದಾರೆ ನೋಡಿ ಅಂತ. ನನ್ನ ಲೋಟ ನನಗೆ ಗೊತ್ತಾಗಲ್ವಾ?" ಅವಳು ಸ್ವಲ್ಪ ಸುಧಾರಿಸಿಕೊಂಡಳು. "ಕಳ್ಳ ಲೋಟ ಅಂತ ಬರೆಸಿದ್ರಿ. ಬೇಜಾರಾಯ್ತು ನನಗೆ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ಮೊನ್ನೆ ಕೇಕಿನ ನೆವದಲ್ಲಾದ್ರೂ ಹೇಳ್ತೀರೇನೋ ಅಂದ್ಕೊಂಡೆ. ಹನ್ನೊಂದು ಲೋಟ ತಂದ್ರಿ, ಒಂದು ಮಾತು ಹೇಳಲಿಲ್ಲ."

"ತಪ್ಪಾಯ್ತು ಕಣೆ," ಎಂದರು ಸಾಹೇಬರು. "ನಾಚಿಕೆಯಾಗಿತ್ತು ನನಗೆ. ಈಗ ಹಿಟ್ಟು ಹೇಗೆ ಅಳೀಲಿ ಹೇಳು."

"ನಾನು ಯಾವತ್ತು ಲೋಟದಲ್ಲಿ ಅಳೆದಿದ್ದೆ? ಅದರಲ್ಲಿ ಹಣ್ಣಿನ ಬೀಜ, ತೊಟ್ಟು ಹಾಕ್ತಿದ್ದೆ. ಹಿಟ್ಟು ಕೈಯಲ್ಲೇ, ಮೂರು ಹಿಡಿ. ಕೈಯಲ್ಲಿ ಹಾಕಿ ಅಂದಿದ್ರೆ ನೀವು ಅಡಿಗೆಮನೆ ಹೊಸಿಲು ದಾಟ್ತಿದ್ರಾ? ಹಿಟ್ಟು ಇಲ್ಲಿಗೇ ತನ್ನಿ. ನಾನೇ ಹಾಕಿಕೊಡ್ತೀನಿ."

ನಾದಿನಿ ಬೋಗುಣಿ ತಂದಳು. ಹಿಟ್ಟಿನ ಡಬ್ಬ ಹಿಡಿಯಲು ಕೈ ಸಾಲದೆ ಹತ್ತಿರ ನಿಂತಿದ್ದವರ ಕೈಗೆ ಕೊಟ್ಟಳು. ಹತ್ತಿರ ನಿಂತಿದ್ದವರು ಮೇಲಧಿಕಾರಿಗಳು. "ಸ್ವಲ್ಪ ಬಗ್ಗಿಸಿ ಹಿಡೀರಿ," ಎಂದಳು ಹಾಸಿಗೆಯಲ್ಲಿದ್ದವಳು. ಅಧಿಕಾರಿ ಸುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಡಬ್ಬ ಬಗ್ಗಿಸಿದರು.

ಅವಳು ಕೈ ಹಾಕಿದಳು. ಮೇಲೆತ್ತುವಾಗ ಬೆರಳುಗಳ ಸಂದಿಯಿಂದ ಹಿಟ್ಟು ಸೋರಿ ಹೊದಿಕೆಯ ಮೇಲೆ ಬಿತ್ತು. ಮೂಳೆಯೊಂದೇ ಉಳಿದ ಆ ಹಿಡಿಯಲ್ಲಿ ನಿಂತದ್ದು ಒಂದು ಮಗುವಿನ ಕೈಯಲ್ಲಿ ಹಿಡಿಯುವಷ್ಟು. ಬೋಗುಣಿಗೆ ಹಾಕಿದಳು. ಮತ್ತೊಂದು ಹಿಡಿ. ಮೂರನೆಯದಕ್ಕೆ ಮೊಣಕೈಯನ್ನು ನಾದಿನಿ ಹಿಡಿದುಕೊಳ್ಳಬೇಕಾಯಿತು.

"ಸರಿಯಿದೆಯಾ ನೋಡಿ," ಎಂದಳು. "ನೀವೇ ಅಲ್ವಾ ಇನ್‌ಸ್ಪೆಕ್ಟರು."

ಸಾಹೇಬರು ಬೋಗುಣಿಯೊಳಗೆ ನೋಡಿದರು. ನೋಟೀಸಿಲ್ಲದೆ, ಕಣ್ಣೆದುರೇ ಬಿದ್ದ ಕಡಿಮೆ ಅಳತೆಯನ್ನು ಅವರು ತಮ್ಮ ಸೇವೆಯಲ್ಲಿ ಕಂಡದ್ದು ಅದೇ ಮೊದಲು. ಅರ್ಧಕ್ಕಿಂತ ಕಡಿಮೆಯಿತ್ತು. ಡಾಕ್ಟರು ಪಥ್ಯ ಬಿಡಿಸಿದ್ದು ಯಾಕೆಂದು, ಮೇಷ್ಟ್ರು ಇಷ್ಟು ದಿನ ಬೇಡವೆನ್ನದೆ ಕೇಕು ನುಂಗಿದ್ದು ಯಾಕೆಂದು ಅವರಿಗೆ ಆಗ ಅರ್ಥವಾಯಿತು. ಇವಳು ಉಳಿಯುವುದಿಲ್ಲ. ಇದು ತಾವೊಬ್ಬರನ್ನು ಬಿಟ್ಟು ಡಾಕ್ಟರಿಗೆ, ಮೇಷ್ಟ್ರಿಗೆ, ನಾದಿನಿಗೆ, ಎಲ್ಲರಿಗೂ ಗೊತ್ತಿತ್ತು.

"ಸರಿಯಿದೆ," ಎಂದರು.

"ಇದು ಕಡಿ..." ಎಂದು ಮೇಲಧಿಕಾರಿ ಅಭ್ಯಾಸಬಲದಿಂದ ಬಾಯಿ ತೆರೆದರು. ನಾದಿನಿ ತಿರುಗಿ ನೋಡಿದಳು. ಅವರು ಕೂಡಲೇ, "ಸರಿಯಾಗಿಯೇ ಇದೆಯಮ್ಮ. ನಾನೂ ನೋಡಿದೆ," ಎಂದರು. ಇಬ್ಬರು ಸಾಕ್ಷಿಗಳೂ ಹೌದೆಂದು ತಲೆಯಾಡಿಸಿದರು.

ಸಕ್ಕರೆಯನ್ನೂ ಅವಳೇ ಹಾಕಿದಳು. ಬೆಣ್ಣೆ ಎಷ್ಟೆಂದು ಹೆಬ್ಬೆರಳಿನಲ್ಲಿ ತೋರಿಸಿದಳು. ಸಾಕ್ಷಿಗಳಿಬ್ಬರೂ ಬಾಗಿಲಲ್ಲಿ ಕುಳಿತು ಒಡೆಯದೆ ಉಳಿದ ಹಣ್ಣುಗಳ ಸಿಪ್ಪೆ ಹೆರೆದರು. ಹೋಳುಗಳು ಕಪ್ಪಾಗದಿರಲೆಂದು ಮೇಷ್ಟ್ರು ತಮ್ಮ ಗಿಡದ ನಿಂಬೆಹಣ್ಣು ತಂದು ಹಿಂಡಿದರು. ಸಾಹೇಬರು ಬೋಗುಣಿಗೆ ಒಂದು ಚಿಟಿಕೆಯನ್ನೂ ತಾವಾಗಿ ಸೇರಿಸಲಿಲ್ಲ. ಓವನ್ನಿನ ಮುಂದೆ ನೆಲದ ಮೇಲೆ ಕುಳಿತು ಗಾಜಿನೊಳಗೇ ನೋಡುತ್ತಿದ್ದರು. ಮೇಲಧಿಕಾರಿಯೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅವರ ಪಕ್ಕದಲ್ಲೇ ಕುಳಿತುಕೊಂಡರು. ಲಂಚದ ವಿಚಾರವನ್ನು ಯಾರೂ ಎತ್ತಲಿಲ್ಲ.

ಕೇಕು ತಟ್ಟೆಯ ಅರ್ಧಕ್ಕೂ ಏರಲಿಲ್ಲ. ಮೇಲೆ ಹಣ್ಣು, ಕೆಳಗೆ ಬೆರಳಿನಷ್ಟು ದಪ್ಪದ ಕೇಕು. ಬಿಸಿ ಆರಿಸಿ ಸಾಹೇಬರು ಒಂದು ಚಮಚ ತಿನ್ನಿಸಿದರು. ಅವಳು ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದು ನುಂಗಿದಳು. ಬಾಗಿಲಲ್ಲಿ ನಿಂತ ಐದು ಜನರ ಗಂಟಲೂ ಜೊತೆಯಲ್ಲೇ ಇಳಿದು ಏರಿತು. ಎರಡನೆಯ ಚಮಚ ಹೋಯಿತು. ಮೂರನೆಯದಕ್ಕೆ ತಾನಾಗಿಯೇ ಬಾಯಿ ತೆರೆದಳು. ನಾದಿನಿ ಗೋಡೆಯ ಕಡೆ ತಿರುಗಿಕೊಂಡಳು.

"ಹಿಟ್ಟು ಕಮ್ಮಿ ಬಿದ್ದಿದೆ," ಎಂದಳು ಹೆಂಡತಿ.

"ಇಲ್ಲ ಕಣೆ. ಮೂರು ಹಿಡಿ ಸರಿಯಾಗೇ ಇತ್ತು. ದೊಡ್ಡ ಸಾಹೇಬ್ರೂ ನೋಡಿದ್ರಲ್ಲ."

ಅವಳು ತನ್ನ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಮಗುಚಿ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದಳು. ಬೆರಳು ಮಡಿಸಿದಳು, ಬಿಡಿಸಿದಳು.

"ನಾಳೆ ನಾಲ್ಕು ಹಿಡಿ ಹಾಕೋಣ," ಎಂದಳು.

"ಆಗಲಿ."

"ನಾಡಿದ್ದು ಐದು ಬೇಕಾಗತ್ತೋ ಏನೋ. ಬರ್ಕೊಳ್ಳಿ."

ಸಾಹೇಬರು ಬರೆದುಕೊಂಡರು.